ಸಾಲಿಯ ಭಾಷೆ, ಮನೆಯ ಮಾತು

1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೊ ತನ್ನ ಕಲೆಕ್ಟರುಗಳಿಂದ ಒಂದು ಲೆಕ್ಕ ಕೇಳಿದ. ನಿಮ್ಮ ಜಿಲ್ಲೆಯಲ್ಲಿ ಊರವರೇ ನಡೆಸಿಕೊಂಡು ಬಂದ ಶಾಲೆಗಳೆಷ್ಟು, ಅಲ್ಲಿ ಯಾರ ಮಕ್ಕಳು ಕಲಿಯುತ್ತಾರೆ, ಏನು ಕಲಿಯುತ್ತಾರೆ ಎಂಬುದು ಪ್ರಶ್ನೆ. ಕೆನರಾ ಜಿಲ್ಲೆಯ ಕಲೆಕ್ಟರು, ನಮ್ಮಲ್ಲಿ ಕಲಿಕೆಯೆಲ್ಲ ಮನೆಗಳಲ್ಲೇ ನಡೆಯುವುದು, ಲೆಕ್ಕ ಹಾಕುವುದು ಕಾಲಹರಣ ಎಂಬರ್ಥದ ಉತ್ತರ ಬರೆದು ಕೈ ತೊಳೆದುಕೊಂಡ. ಬಳ್ಳಾರಿಯ ಎ. ಡಿ. ಕ್ಯಾಂಪ್‌ಬೆಲ್ ಹಾಗೆ ಮಾಡಲಿಲ್ಲ. ತೆಲುಗು ವ್ಯಾಕರಣ ಬರೆದಿದ್ದ ಆತನಿಗೆ ಭಾಷೆಯ ವಿಷಯವೆಂದರೆ ಆಸ್ಥೆ. 1823ರ ಆಗಸ್ಟಿನಲ್ಲಿ ಆತ ಕಳಿಸಿದ ವರದಿಯ ಪ್ರಕಾರ, ಒಂಬತ್ತು ಲಕ್ಷಕ್ಕೂ ಹೆಚ್ಚು ಜನರಿದ್ದ ಆ ಜಿಲ್ಲೆಯಲ್ಲಿ 533 ಶಾಲೆಗಳು, 6,641 ಮಕ್ಕಳು. ಶಾಲೆಗಳನ್ನು ಆತ ಭಾಷೆಯ ಪ್ರಕಾರ ವಿಂಗಡಿಸಿ ಕೊಟ್ಟಿದ್ದಾನೆ: ಕನ್ನಡ 235, ತೆಲುಗು 226, ಮರಾಠಿ 23, ಸಂಸ್ಕೃತ 23, ಪಾರಸಿ 21, ತಮಿಳು 4, ಇಂಗ್ಲಿಷ್ 1. ಇಂದಿನ ಅನಂತಪುರದ ಸೀಮೆಯೂ ಆಗ ಬಳ್ಳಾರಿಗೇ ಸೇರಿತ್ತಾದ್ದರಿಂದ ತೆಲುಗಿನ ಪಾಲು ದೊಡ್ಡದು. ಅದೇನೇ ಇರಲಿ, ಒಂದೇ ಜಿಲ್ಲೆಯಲ್ಲಿ ಏಳು ಭಾಷೆಗಳಲ್ಲಿ ಅಕ್ಷರಾಭ್ಯಾಸ ನಡೆಯುತ್ತಿತ್ತು ಎಂಬುದು ವರದಿ ಬರೆದವನಿಗೂ ವಿಚಿತ್ರವೆನಿಸಿಲ್ಲ, ಓದಿದವರಿಗೂ ಎನಿಸಿದಂತಿಲ್ಲ. ಈ ಜಿಲ್ಲೆಯ ಶಾಲೆಗಳ ಭಾಷೆ ಯಾವುದು ಎಂಬ ಏಕವಚನದ ಪ್ರಶ್ನೆಯನ್ನು ಆಗ ಯಾರೂ ಕೇಳಿರಲಿಲ್ಲ.

ಹಾಗೆಂದು ಆ ಕಾಲವನ್ನು ಹೊಗಳಿ ಕೂರುವಂತಿಲ್ಲ. 6,641 ಮಕ್ಕಳಲ್ಲಿ ಹುಡುಗಿಯರು 60. ದಲಿತರ ಮಕ್ಕಳಿಗೆ ಐಗಳ ಮಠದ, ಅಂದರೆ ಆ ಊರ ಶಾಲೆಯ, ಜಗಲಿ ಎಂಥದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಒಳಗೆ ನಡೆಯುತ್ತಿದ್ದ ಪಾಠದ ಬಗ್ಗೆ ಕ್ಯಾಂಪ್‌ಬೆಲ್ ಬರೆದದ್ದು ಇನ್ನೂ ಕುತೂಹಲದ್ದು. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿದ್ದರು, ಆಮೇಲೆ ಹಲಗೆ, ಕಡತಗಳಿಗೆ ದಾಟುತ್ತಿದ್ದರು. ಮುಂದೆ ಕಲಿತ ಹುಡುಗ ಹಿಂದಿನವನಿಗೆ ಹೇಳಿಕೊಡುತ್ತಿದ್ದ. ಇಷ್ಟು ಕಡಿಮೆ ಖರ್ಚಿನ ಏರ್ಪಾಟನ್ನು ಇಂಗ್ಲೆಂಡೇ ನಕಲು ಮಾಡಿದೆಯೆಂದು ಆತ ಮೆಚ್ಚುತ್ತಾನೆ. ಆದರೆ ಪುಸ್ತಕಗಳ ವಿಷಯಕ್ಕೆ ಬಂದಾಗ ಮಾತು ಕಟುವಾಗುತ್ತದೆ. ಕನ್ನಡ, ತೆಲುಗು ಎರಡೂ ಬಗೆಯ ಶಾಲೆಗಳಲ್ಲಿ ಓದಿಸುತ್ತಿದ್ದದ್ದು ಪದ್ಯಗಳನ್ನು; ಆ ಪದ್ಯಗಳ ಭಾಷೆ ಜನ ಆಡುವ ಮಾತಿಗೂ ವ್ಯವಹಾರದ ಬರಹಕ್ಕೂ ತೀರ ಬೇರೆ. ಎರಡರ ಲಿಪಿ ಒಂದೇ ತೆರನಾದ್ದರಿಂದ ಒಂದನ್ನು ಓದಬಲ್ಲವನು ಇನ್ನೊಂದನ್ನೂ ಓದಬಲ್ಲ, ಅರ್ಥ ಮಾತ್ರ ಆಗದು. ಮಕ್ಕಳು ಗಿಳಿಪಾಠ ಒಪ್ಪಿಸುತ್ತಿದ್ದರು. ಕಲಿಸುವವನಿಗೇ ಅರ್ಥ ಗೊತ್ತಿರುತ್ತಿತ್ತೆಂಬ ಖಾತ್ರಿ ಇರಲಿಲ್ಲ. ಅಂದರೆ ಆಗಿನವರಿಗೆ ಎರಡು ಸಂಗತಿಗಳು ಹೊಳೆದಿರಲಿಲ್ಲ. ಒಂದು ನಾಡಿನ ಶಾಲೆಗೆ ಒಂದೇ ಭಾಷೆ ಇರಬೇಕು ಎಂಬುದು ಒಂದು. ಮಗುವಿಗೆ ಪಾಠ ತಿಳಿಯಬೇಕು ಎಂಬುದು ಇನ್ನೊಂದು. ಹತ್ತೊಂಬತ್ತನೆಯ ಶತಮಾನದ ಶಾಲಾ ಸುಧಾರಣೆ ಈ ಎರಡನ್ನೂ ಒಟ್ಟೊಟ್ಟಿಗೆ ತಂದಿತು, ಒಂದರಿಂದ ಇನ್ನೊಂದು ತಾನಾಗಿ ಬರುತ್ತದೆ ಎಂಬಂತೆ ತಂದಿತು. ನನ್ನ ವಾದ ಇಷ್ಟೇ: ಅವೆರಡೂ ಬೇರೆ ಬೇರೆ. ಮೊದಲನೆಯದನ್ನು ಸಾಧಿಸುವ ಭರದಲ್ಲಿ ನಾವು ಎರಡನೆಯದನ್ನು ಅರ್ಧಕ್ಕೇ ಬಿಟ್ಟೆವು. ಅದರ ಭಾರವನ್ನು ಇಂದಿಗೂ ಹೊರುತ್ತಿರುವುದು ಒಂದನೆಯ ತರಗತಿಯ ಮಕ್ಕಳು.

ಇದನ್ನು ಧಾರವಾಡದಲ್ಲಿ ನೋಡುವುದು ಒಳ್ಳೆಯದು, ಏಕೆಂದರೆ ಅಲ್ಲಿ ಈ ಎರಡು ವಿಚಾರಗಳು ಹೆಚ್ಚುಕಡಿಮೆ ಒಂದಾಗಿಯೇ ಇದ್ದವು. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಆ ಸೀಮೆ ಕಂಪನಿಯ ಕೈಗೆ ಬಂದು ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಕಚೇರಿಯ ದಫ್ತರು ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ. ಕಾರಕೂನಿಕೆ ಬೇಕಾದವನು ಮರಾಠಿ ಕಲಿಯಲೇಬೇಕು. ಹಾಗಾಗಿ ಸರ್ಕಾರ ತೆರೆದ ಶಾಲೆಗಳೂ ಮರಾಠಿಯವೇ. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಕನ್ನಡ ಆಡುವ ಹುಡುಗ ಸಾಲಿಯ ಹೊಸ್ತಿಲು ದಾಟಿದೊಡನೆ ಮರಾಠಿಯಲ್ಲಿ ಮಗ್ಗಿ ಒಪ್ಪಿಸಬೇಕಿತ್ತು. ಈ ವಿಪರೀತವನ್ನು ಮೊದಲು ಗುರುತಿಸಿದವರಲ್ಲಿ ವಾಲ್ಟರ್ ಎಲಿಯಟ್ ಒಬ್ಬ. 1824ರ ಕಿತ್ತೂರಿನ ಯುದ್ಧದಲ್ಲಿ ಸೆರೆಸಿಕ್ಕು ಬಿಡುಗಡೆಯಾದ ಈ ತರುಣ ಅಧಿಕಾರಿ ಮುಂದೆ ಶಾಸನಗಳನ್ನು ಹುಡುಕುತ್ತ ಆ ಸೀಮೆಯಲ್ಲೆಲ್ಲ ಓಡಾಡಿದವನು. ಜನರ ಮಾತು ಕನ್ನಡ, ಕಲ್ಲಿನ ಬರಹ ಕನ್ನಡ, ಶಾಲೆ ಮಾತ್ರ ಮರಾಠಿ ಎಂಬುದು ಅವನ ಕಣ್ಣಿಗೆ ಬಿತ್ತು. ಕನ್ನಡ ಶಾಲೆಗಳ ಪರವಾಗಿ ಅವನು ಸರ್ಕಾರದ ಮುಂದೆ ವಾದಿಸಿದ. ಆದರೂ ಕೆಲಸ ಗಟ್ಟಿಯಾಗಿ ನಡೆದದ್ದು 1854ರ ವುಡ್ ಸಾಹೇಬನ ಶಿಕ್ಷಣ ಪತ್ರ ದೇಶಭಾಷೆಗಳಿಗೆ ಸರ್ಕಾರದ ಒತ್ತಾಸೆ ಒದಗಿಸಿದ ಮೇಲೆ, ಶಿಕ್ಷಣ ಖಾತೆಯ ಇನ್‌ಸ್ಪೆಕ್ಟರ್ ರಸೆಲ್ ಮತ್ತು ಡೆಪ್ಯುಟಿ ಚನ್ನಬಸಪ್ಪನವರ ಕಾಲದಲ್ಲಿ.

ಚನ್ನಬಸಪ್ಪನವರು (1834–1881) ಬದುಕಿದ್ದು ಐವತ್ತು ವರ್ಷವೂ ಅಲ್ಲ. ಅಷ್ಟರಲ್ಲೇ ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಕನ್ನಡ ಮಾಸ್ತರರನ್ನು ತಯಾರು ಮಾಡಿದರು, ಡೆಪ್ಯುಟಿ ಇನ್‌ಸ್ಪೆಕ್ಟರರಾಗಿ ಊರೂರು ಸುತ್ತಿ ಮರಾಠಿ ಶಾಲೆಗಳನ್ನು ಕನ್ನಡಕ್ಕೆ ತಿರುಗಿಸಿದರು, ಕಾಳಿದಾಸನನ್ನೂ ಷೇಕ್ಸ್‌ಪಿಯರನನ್ನೂ ಕನ್ನಡಕ್ಕೆ ತಂದರು. ಅವರು ಕೆಲಸ ಹಿಡಿದಾಗ ಕನ್ನಡದಲ್ಲಿ ಶಾಲೆಯ ಪುಸ್ತಕಗಳು ಇಲ್ಲವೆನ್ನುವಷ್ಟು ಕಡಿಮೆ. ಭೂಗೋಳವಾಗಲಿ ಬೀಜಗಣಿತವಾಗಲಿ ಮರಾಠಿಯಿಂದಲೋ ಇಂಗ್ಲಿಷಿನಿಂದಲೋ ಅನುವಾದಿಸಿಕೊಳ್ಳಬೇಕು. ಕನ್ನಡದಲ್ಲಿ ಕಲಿಸಬಲ್ಲ ಮಾಸ್ತರರ ಸಂಖ್ಯೆಯೂ ಅಷ್ಟಕ್ಕಷ್ಟೆ. ಪುಸ್ತಕ ಬರಲಿ, ಮಾಸ್ತರರು ಸಿಗಲಿ, ಆಮೇಲೆ ನೋಡೋಣ ಎಂದು ಅವರು ಕಾಯಲಿಲ್ಲ. ಮೊದಲು ಶಾಲೆಯನ್ನು ಕನ್ನಡಕ್ಕೆ ತಂದರು. ಬೇಡಿಕೆ ಹುಟ್ಟಿತು, ಪುಸ್ತಕಗಳು ಹಿಂದಿನಿಂದ ಬಂದವು. 1890ರಲ್ಲಿ ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟುವ ಹೊತ್ತಿಗೆ ಕನ್ನಡ ಓದಬಲ್ಲ ಒಂದು ತಲೆಮಾರು ತಯಾರಾಗಿತ್ತು. ಏಕೀಕರಣದ ಕಥೆಯನ್ನು ನಾವು ಸಾಮಾನ್ಯವಾಗಿ ಸಭೆ, ಠರಾವು, ಮೆರವಣಿಗೆಗಳಿಂದ ಹೇಳುತ್ತೇವೆ. ಅದರ ಬುನಾದಿ ಈ ಕನ್ನಡ ಸಾಲಿಗಳಲ್ಲಿದೆ. ಅಲ್ಲಿ ಗೆದ್ದದ್ದು ಒಂದು ತತ್ವ. ಮಗು ತನಗೆ ತಿಳಿಯುವ ಮಾತಿನಲ್ಲಿ ಕಲಿಯಬೇಕು, ಕಚೇರಿಗೆ ಅನುಕೂಲವಾದ ಮಾತಿನಲ್ಲಲ್ಲ ಎಂಬುದು ಆ ತತ್ವ. ಅದೇ ಹೊತ್ತಿಗೆ ಇನ್ನೊಂದು ತತ್ವವೂ ಗೆದ್ದಿತ್ತು: ಈ ಸೀಮೆ ಕನ್ನಡದ್ದು, ಆದ್ದರಿಂದ ಶಾಲೆಯೂ ಕನ್ನಡದ್ದು. ಕನ್ನಡವೇ ಮನೆಮಾತಾದ ಬಹುಪಾಲು ಮಕ್ಕಳ ಮಟ್ಟಿಗೆ ಎರಡೂ ಒಂದೇ ಆಗಿದ್ದರಿಂದ ವ್ಯತ್ಯಾಸ ಯಾರಿಗೂ ಕಾಣಲಿಲ್ಲ. ಧಾರವಾಡದ ಆಸುಪಾಸಿನ ತಾಂಡಾಗಳಲ್ಲಿ ಲಂಬಾಣಿ ಆಡುವ ಮಕ್ಕಳು ಆಗ ಶಾಲೆಯ ಕಡೆಗೆ ಬರುತ್ತಲೇ ಇರಲಿಲ್ಲ. ಬಂದಿದ್ದರೆ ಕಾಣುತ್ತಿತ್ತೋ ಏನೋ.

ವ್ಯತ್ಯಾಸ ಎದ್ದು ಕಾಣುವುದು ಕರಾವಳಿಯಲ್ಲಿ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದಾಗ ಅವರ ಕಿವಿಗೆ ಬಿದ್ದ ಮಾತುಗಳು ತುಳು, ಕೊಂಕಣಿ, ಬ್ಯಾರಿ, ಒಂದಿಷ್ಟು ಮಲಯಾಳ. ಕನ್ನಡ ಕಚೇರಿ, ಕಾಗದಪತ್ರ, ಯಕ್ಷಗಾನ ಪ್ರಸಂಗಗಳ ಭಾಷೆ. 1836ರಲ್ಲಿ ಅವರು ತೆರೆದ ಶಾಲೆ ಕನ್ನಡದ್ದು. 1843ರಲ್ಲಿ ಹೆರ್ಮನ್ ಮೊಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಪತ್ರಿಕೆಯೂ ಕನ್ನಡದ್ದೇ. ಹಾಗೆಂದು ಅವರು ತುಳುವನ್ನು ಕಡೆಗಣಿಸಿದರು ಎನ್ನುವಂತಿಲ್ಲ. ಅದೇ ಮಿಶನ್ನಿನ ಮುದ್ರಣಾಲಯದಲ್ಲಿ 1842ರಲ್ಲಿ ಮತ್ತಾಯನ ಸುವಾರ್ತೆ ತುಳುವಿನಲ್ಲಿ, ಕನ್ನಡ ಲಿಪಿಯಲ್ಲಿ ಅಚ್ಚಾಯಿತು. 1872ರಲ್ಲಿ ಬ್ರಿಗೆಲ್ಲನ ತುಳು ವ್ಯಾಕರಣ, 1886ರಲ್ಲಿ ಮ್ಯಾನರನ ತುಳು ನಿಘಂಟು ಬಂದವು. ಕಿಟೆಲ್ಲನ ಕನ್ನಡ ನಿಘಂಟು ಬಂದದ್ದು ಅದಕ್ಕೂ ಎಂಟು ವರ್ಷ ತಡವಾಗಿ, 1894ರಲ್ಲಿ. ಅಂದರೆ ಅಚ್ಚಿನ ಮೊಳೆ, ಲಿಪಿ, ವ್ಯಾಕರಣ, ನಿಘಂಟು ಎಲ್ಲವೂ ಇದ್ದ ತುಳುವಿಗೆ ಇಲ್ಲದೆ ಹೋದದ್ದು ಒಂದು ಪಾಠಪುಸ್ತಕ. ಉಪದೇಶ ಮನಸ್ಸಿಗೆ ಇಳಿಯಬೇಕಾದರೆ ಅದು ತುಳುವಿನಲ್ಲೇ ಆಗಬೇಕು ಎಂದು ಮಿಶನರಿಗಳಿಗೆ ಚೆನ್ನಾಗಿ ಗೊತ್ತಿತ್ತು. ಲೆಕ್ಕ ಮನಸ್ಸಿಗೆ ಇಳಿಯುವುದಕ್ಕೂ ಅದೇ ದಾರಿ ಎಂದು ಅವರು ಯೋಚಿಸಲಿಲ್ಲ. ಅವರನ್ನು ದೂರುವುದೂ ಪೂರ್ತಿ ನ್ಯಾಯವಲ್ಲ. ತುಳುನಾಡಿನ ಬಲ್ಲಿದ ಮನೆಗಳು ಕೂಡ ಶತಮಾನಗಳಿಂದ ಆಡುವುದಕ್ಕೆ ತುಳು, ಬರೆಯುವುದಕ್ಕೆ ಕನ್ನಡ ಎಂಬ ಹಂಚಿಕೆಯನ್ನು ಒಪ್ಪಿಕೊಂಡೇ ಬಂದಿದ್ದವು. ಮಿಶನ್ ಅದನ್ನು ಶಾಲೆಯ ವೇಳಾಪಟ್ಟಿಗೆ ಇಳಿಸಿತು, ಅಷ್ಟೆ.

ಆ ಶಾಲೆಗಳಲ್ಲಿ ಪಾಠ ನಡೆಯಿತು ಹೇಗೆ? ಪುಸ್ತಕ ಕನ್ನಡದ್ದು, ಮಾಸ್ತರರು ಅದೇ ಊರಿನವರು. ಪದ್ಯವನ್ನು ಕನ್ನಡದಲ್ಲಿ ಓದಿ, ಅರ್ಥವನ್ನು ತುಳುವಿನಲ್ಲಿ ಹೇಳಿ, ಉತ್ತರವನ್ನು ಮತ್ತೆ ಕನ್ನಡದಲ್ಲಿ ಬರೆಸುವ ಪದ್ಧತಿ ಕರಾವಳಿಯ ಪ್ರಾಥಮಿಕ ಶಾಲೆಗಳಲ್ಲಿ ತಲೆಮಾರುಗಳ ಕಾಲ ಬಳಕೆಯಲ್ಲಿತ್ತು. ಅದನ್ನು ಯಾವ ಕೈಪಿಡಿಯೂ ಹೇಳಿಕೊಡಲಿಲ್ಲ, ಯಾವ ಇನ್‌ಸ್ಪೆಕ್ಟರನೂ ಹುಡುಕಿಕೊಂಡು ಬಂದು ಮೆಚ್ಚಲಿಲ್ಲ. ತಪಾಸಣೆಯ ದಿನ ಅದು ಮರೆಗೆ ಸರಿಯುತ್ತಿತ್ತು ಎಂದರೂ ತಪ್ಪಾಗದು. ಬಳ್ಳಾರಿಯ ಮಠದಲ್ಲಿ ಮುಂದಿನ ಹುಡುಗ ಹಿಂದಿನವನಿಗೆ ಹೇಳಿಕೊಡುವಾಗಲೂ ನಡೆದದ್ದು ಇಂಥದೇ ಇದ್ದೀತು ಎಂದು ನಾನು ಊಹಿಸುತ್ತೇನೆ, ಏಕೆಂದರೆ ಮಕ್ಕಳು ಮಕ್ಕಳಿಗೆ ಹೇಳುವಾಗ ಪದ್ಯದ ಭಾಷೆಯಲ್ಲಿ ಹೇಳಲಾರರು. ನಮ್ಮ ಶಾಲೆಗಳ ಇತಿಹಾಸವನ್ನು ವರದಿ, ಕಾನೂನು, ಪಠ್ಯಪುಸ್ತಕಗಳಿಂದ ಬರೆಯುವಾಗ ಕೈತಪ್ಪಿ ಹೋಗುವುದು ಈ ಬಾಯಿಮಾತಿನ ಸೇತುವೆ. ಹಲವು ಭಾಷೆಯ ತರಗತಿಯನ್ನು ನಡೆಸುವ ವಿದ್ಯೆ ನಮ್ಮಲ್ಲಿ ಇತ್ತು; ಅದಕ್ಕೆ ವಿದ್ಯೆಯೆಂಬ ಮರ್ಯಾದೆ ಮಾತ್ರ ಸಿಗಲಿಲ್ಲ. ಮರ್ಯಾದೆ ಸಿಗದ ವಿದ್ಯೆಗೆ ತರಬೇತಿಯಿಲ್ಲ; ಊರಿನ ಮಾಸ್ತರರು ವರ್ಗವಾಗಿ ಬೇರೆ ಜಿಲ್ಲೆಯವರು ಬಂದ ದಿನ ಅದು ಮುಗಿಯಿತು.

1956ರ ನವೆಂಬರಿನಲ್ಲಿ ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗುಗಳ ಕನ್ನಡ ಸೀಮೆಗಳು ಒಂದಾದಾಗ ಒಂದಾದದ್ದು ಐದು ಬಗೆಯ ಶಾಲಾ ಚರಿತ್ರೆಗಳೂ ಹೌದು. ಕಲಬುರಗಿಯ ಹುಡುಗ ಹೈಸ್ಕೂಲನ್ನು ಉರ್ದುವಿನಲ್ಲಿ ಓದಿ, 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಅದೇ ಭಾಷೆಯಲ್ಲಿ ಪದವಿ ಪಡೆದು ಬಂದಿದ್ದ. ಅವನಿಗೆ ಕನ್ನಡ ಶಾಲೆ ಧಾರವಾಡದವರಿಗೆ ನೂರು ವರ್ಷ ಹಿಂದೆ ಕಂಡಂತೆಯೇ ಬಿಡುಗಡೆಯಾಗಿ ಕಂಡಿತು. ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿ ಸೇರಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕು. ಈ ಸೌಲಭ್ಯ ದಕ್ಕಿದ್ದು ಉರ್ದು, ಮರಾಠಿ, ತೆಲುಗು, ತಮಿಳುಗಳಿಗೆ, ಅಂದರೆ ಬೇರೆಲ್ಲೋ ಒಂದು ಕಡೆ ಪಠ್ಯಪುಸ್ತಕವೂ ಪ್ರತಿಷ್ಠೆಯೂ ಇದ್ದ ಭಾಷೆಗಳಿಗೆ. ಅಲ್ಲಿಯೂ ತೊಡಕಿಲ್ಲದೆ ಇಲ್ಲ. ಉರ್ದು ಶಾಲೆಗೆ ಬರುವ ನಮ್ಮ ಮಕ್ಕಳು ಮನೆಯಲ್ಲಿ ಆಡುವುದು ದಖನಿ, ಪುಸ್ತಕದಲ್ಲಿರುವುದು ಲಖನೌ, ದೆಹಲಿಯ ನುಡಿ. ತುಳು, ಕೊಡವ, ಲಂಬಾಣಿ, ಜೇನುಕುರುಬರ ನುಡಿಗಳು ಮಾಧ್ಯಮಗಳ ಪಟ್ಟಿಗೇ ಬರಲಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ಮೂರರಲ್ಲಿ ಎರಡು ಪಾಲು ಜನ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದ್ದಾರೆ. ಉಳಿದ ಒಂದು ಪಾಲು ಸಣ್ಣದೇನಲ್ಲ. ದೇಶದಲ್ಲಿ ತುಳು ಆಡುವವರೇ 18 ಲಕ್ಷಕ್ಕೂ ಹೆಚ್ಚು. ಲಂಬಾಣಿಯ ಸ್ಥಿತಿ ಇನ್ನೂ ವಿಚಿತ್ರ: ಗಣತಿಯ ಕೋಷ್ಟಕದಲ್ಲಿ ಅದು ಹಿಂದಿಯ ಕೆಳಗೆ ಬರುತ್ತದೆ. ತಾಂಡಾದ ಮಗು ಕಾಗದದ ಮೇಲೆ ಹಿಂದಿಯ ಮಗುವಾಗಿ, ಮನೆಯಲ್ಲಿ ಲಂಬಾಣಿ ಮಾತಾಡಿ, ತರಗತಿಯಲ್ಲಿ ಕನ್ನಡದ ಮಗುವೆಂದು ಎಣಿಸಿಕೊಳ್ಳುತ್ತದೆ.

ಎಂಬತ್ತರ ದಶಕದಲ್ಲಿ ಶಾಲೆ ಮತ್ತು ಭಾಷೆಯ ಪ್ರಶ್ನೆ ಬೀದಿಗಿಳಿಯಿತು. ವಿ. ಕೃ. ಗೋಕಾಕರ ಸಮಿತಿ 1981ರ ಆರಂಭದಲ್ಲಿ ವರದಿ ಕೊಟ್ಟಿತು. ಮರುವರ್ಷದ ಚಳವಳಿಗೆ ರಾಜಕುಮಾರ್ ಧುಮುಕಿದ ಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. ಕನ್ನಡ ನಾಡಿನಲ್ಲಿ ಕನ್ನಡದ ಗಂಧವಿಲ್ಲದೆ ಎಸ್ಸೆಸ್ಸೆಲ್ಸಿ ಮುಗಿಸಬಹುದು ಎಂಬ ಸ್ಥಿತಿ ಬದಲಾಗಬೇಕೆಂಬ ಆಗ್ರಹ ನ್ಯಾಯವಾದದ್ದೇ. ಆದರೆ ಇಡೀ ಜಗಳ ನಡೆದದ್ದು ಹೈಸ್ಕೂಲಿನ ಪ್ರಥಮ ಭಾಷೆ ಯಾವುದು, ಅದರ 150 ಅಂಕ ಯಾರಿಗೆ ಎಂಬುದರ ಸುತ್ತ. ಹೈಸ್ಕೂಲಿಗೆ ಬರುವ ಹೊತ್ತಿಗೆ ಭಾಷೆಯ ಕಾರಣಕ್ಕೆ ಸೋಲಬೇಕಾದ ಮಕ್ಕಳು ಎಂದೋ ಸೋತು ಹೊರಗೆ ಹೋಗಿರುತ್ತಾರೆ. 1994ರ ಏಪ್ರಿಲಿನ ಆದೇಶ ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಎಂದಾಗ ಸರಿಯಾದ ಜಾಗಕ್ಕೆ ಕೈಹಾಕಿತ್ತು. ಅದರ ಗುರಿ ಮಾತ್ರ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆ. ತಾಂಡಾದ ಮಗು ಅದರ ಕಣ್ಣಳತೆಯಲ್ಲಿ ಇರಲಿಲ್ಲ. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಗುವಿನ ಮಾತೃಭಾಷೆ ಯಾವುದೆಂದು ಹೇಳಬೇಕಾದವರು ತಂದೆತಾಯಿ, ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಆ ತೀರ್ಪಿನಿಂದ ಕನ್ನಡಕ್ಕೆ ಬಿದ್ದ ಪೆಟ್ಟಿನ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ತುಳುವಿಗೆ, ಲಂಬಾಣಿಗೆ ಬೀಳಲು ಅಲ್ಲಿ ಏನೂ ಇರಲಿಲ್ಲ. ಈ ನಡುವೆ ಕೊಂಕಣಿಗೂ ತುಳುವಿಗೂ ತೃತೀಯ ಭಾಷೆಯ ಐಚ್ಛಿಕ ಸ್ಥಾನ ಸಿಕ್ಕಿದೆ, ಆರನೆಯ ತರಗತಿಯಿಂದ. ಗೌರವದ ದೃಷ್ಟಿಯಿಂದ ಅದು ಸಣ್ಣ ಗೆಲುವಲ್ಲ. ಮನೆಮಾತಿನ ಅಗತ್ಯ ಎಲ್ಲಕ್ಕಿಂತ ಹೆಚ್ಚಾಗಿರುವುದು ಆರು ವರ್ಷದ ಮಗುವಿಗೆ. ನಾವು ಅದನ್ನು ಹನ್ನೊಂದು ವರ್ಷದವರಿಗೆ ಕೊಟ್ಟಿದ್ದೇವೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಬರುತ್ತದೆ. ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ, ಗೋವಿಂದ ಪೈಗಳದೂ ಕೊಂಕಣಿ. ಮಾಸ್ತಿ, ಪುತಿನ, ಕೈಲಾಸಂ ಮನೆಯಲ್ಲಿ ತಮಿಳು. ಬೇಂದ್ರೆ ಮನೆಯಲ್ಲಿ ಮರಾಠಿ. ಮನೆಯಲ್ಲಿ ಬೇರೆ, ಬರಹಕ್ಕೆ ಕನ್ನಡ ಎಂಬ ವ್ಯವಸ್ಥೆಯಿಂದಲೇ ಹೊಸಗನ್ನಡ ಸಾಹಿತ್ಯದ ಅರ್ಧ ಬೆಳೆ ಬಂದಿರುವಾಗ ನಷ್ಟವೆಲ್ಲಿ? ಆಕ್ಷೇಪದಲ್ಲಿ ಹುರುಳಿದೆ. ಮನೆಮಾತು ಬೇರೆಯಾಗಿರುವುದು ಕುಂದಲ್ಲ, ಅದರಿಂದ ಕನ್ನಡಕ್ಕೂ ಲಾಭವಾಗಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೆ ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಇವರೆಲ್ಲ ಓದುಬರಹ ಮನೆಯಲ್ಲೇ ಇದ್ದ ಜಾತಿಗಳ ಮಕ್ಕಳು. ಶಾಲೆಯಲ್ಲಿ ತಿಳಿಯದ್ದನ್ನು ಮನೆಯಲ್ಲಿ ಬಿಡಿಸಿ ಹೇಳುವವರಿದ್ದರು. ಕನ್ನಡ ಅವರ ಬೀದಿಯಲ್ಲೋ ಪಡಸಾಲೆಯಲ್ಲೋ ಶಾಲೆಗೆ ಮುಂಚೆಯೇ ಕಿವಿಗೆ ಬಿದ್ದಿತ್ತು. ದಡ ಮುಟ್ಟಿದವರನ್ನು ಎಣಿಸಿ ಹೊಳೆ ಆಳವಿಲ್ಲ ಎನ್ನುವುದು ಸರಿಯಾದ ಲೆಕ್ಕವಲ್ಲ. ಪಂಜೆಯವರ ವಿಷಯದಲ್ಲಂತೂ ಇನ್ನೊಂದು ಮಾತಿದೆ. ಅವರು ಬಂಟವಾಳದ ಹುಡುಗ, ಸುತ್ತೆಲ್ಲ ತುಳು. ಮುಂದೆ ಅಧ್ಯಾಪಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ಕರಾವಳಿ, ಕೊಡಗುಗಳಲ್ಲಿ ಓಡಾಡಿದರು. ಮಕ್ಕಳಿಗಾಗಿ ಅವರು ಬರೆದ ಕನ್ನಡ ಸಣ್ಣ ವಾಕ್ಯಗಳ, ಹಾಡಿಗೆ ಒಗ್ಗುವ, ಕುಣಿದಾಡುವ ಕನ್ನಡ. ಕನ್ನಡವನ್ನು ಎರಡನೆಯ ಮಾತಾಗಿ ಎದುರಿಸುವ ಮಗು ಎದುರಿಗೆ ಕೂತಿದೆ ಎಂದು ಬಲ್ಲವರು ಬರೆಯುವ ಕನ್ನಡ ಅದು. ಅವರು ನನ್ನ ವಾದಕ್ಕೆ ಎದುರು ಸಾಕ್ಷಿಯಾಗಿ ನಿಲ್ಲುವುದಿಲ್ಲ.

ಎರಡನೆಯ ಆಕ್ಷೇಪ ಅನುಕೂಲದ್ದು. ಒಂದೊಂದು ತರಗತಿಯಲ್ಲಿ ಮೂರು ನಾಲ್ಕು ಮನೆಮಾತುಗಳಿರುವಾಗ ಎಲ್ಲದಕ್ಕೂ ಪುಸ್ತಕ, ಎಲ್ಲದಕ್ಕೂ ಮಾಸ್ತರರು ಎಲ್ಲಿಂದ ಬರಬೇಕು? ಲಿಪಿಯಿಲ್ಲದ ಭಾಷೆಗೆ ಏನು ಮಾಡುವುದು? ಚನ್ನಬಸಪ್ಪನವರ ಕಾಲದಲ್ಲಿ ಕನ್ನಡದ ವಿರುದ್ಧವೂ ಇದೇ ಮಾತನ್ನು ಹೇಳಬಹುದಿತ್ತು. ಪುಸ್ತಕದ ಕೊರತೆ ಶಾಲೆಯ ಭಾಷೆಯನ್ನು ತೀರ್ಮಾನಿಸುವುದಾಗಿದ್ದರೆ ಧಾರವಾಡ ಇಂದಿಗೂ ಮರಾಠಿಯಲ್ಲೇ ಓದುತ್ತಿತ್ತು. ಲಿಪಿಯ ತಕರಾರಿಗೆ ಉತ್ತರ 1842ರ ತುಳು ಪುಸ್ತಕದಲ್ಲೇ ಇದೆ. ನೆರೆಯವರು ಇದನ್ನು ನಮಗಿಂತ ಮೊದಲು ಮಾಡಿ ತೋರಿಸಿದ್ದಾರೆ. ಅವಿಭಜಿತ ಆಂಧ್ರಪ್ರದೇಶ ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಎಂಟು ಬುಡಕಟ್ಟು ನುಡಿಗಳಲ್ಲಿ ತೆಲುಗು ಲಿಪಿಯ ಪ್ರಾಥಮಿಕ ಪುಸ್ತಕಗಳನ್ನು ತಂದಿತು. ಆ ಎಂಟರಲ್ಲಿ ಬಂಜಾರ, ಅಂದರೆ ನಮ್ಮ ಲಂಬಾಣಿಯೂ ಒಂದು. ಒಡಿಶಾ 2007ರಲ್ಲಿ ಹತ್ತು ನುಡಿಗಳಲ್ಲಿ ಶುರುಮಾಡಿತು. ಈ ಯೋಜನೆಗಳು ಎಲ್ಲ ಕಡೆಯೂ ಚೆನ್ನಾಗಿ ನಡೆದವು ಎಂದಲ್ಲ. ಶಿಕ್ಷಕರ ಕೊರತೆ, ಅಧಿಕಾರಿಗಳ ಉದಾಸೀನ ಅಲ್ಲೂ ಇವೆ. ಅಸಾಧ್ಯ ಎಂಬ ಮಾತಿಗೆ ಮಾತ್ರ ಅಲ್ಲಿ ಜಾಗವಿಲ್ಲ. ಮೇಲಾಗಿ ಹಲವು ಮಾತಿನ ತರಗತಿಗೆ ಪ್ರತಿಯೊಂದು ಮಾತಿಗೂ ಒಂದು ಶಾಲೆ ಬೇಕೆಂದೇನೂ ಇಲ್ಲ. ಮೊದಲ ಎರಡು ವರ್ಷ ಮಗು ತನ್ನ ಮಾತಿನಲ್ಲಿ ಉತ್ತರ ಹೇಳಿದರೆ ಅದು ಉತ್ತರವೇ ಎಂದು ಒಪ್ಪುವುದು, ಕಥೆ ಮತ್ತು ಎಣಿಕೆಯನ್ನು ಆ ಮಾತಿನಲ್ಲಿ ಶುರುಮಾಡಿ ಕನ್ನಡಕ್ಕೆ ದಾಟಿಸುವುದು, ಹಾಗೆ ದಾಟಿಸಬಲ್ಲವರನ್ನು ಅಲ್ಲಿಗೆ ನೇಮಿಸುವುದು, ಇಷ್ಟು ಸಾಕು. ಮೈಸೂರಿನಲ್ಲಿ 1969ರಲ್ಲಿ ಹುಟ್ಟಿದ ಭಾರತೀಯ ಭಾಷಾ ಸಂಸ್ಥಾನದ ಮೊದಲ ನಿರ್ದೇಶಕ ಡಿ. ಪಿ. ಪಟ್ಟನಾಯಕರು ಜೀವಮಾನವಿಡೀ ಹೇಳುತ್ತ ಬಂದದ್ದು ಹೆಚ್ಚುಕಡಿಮೆ ಇದನ್ನೇ: ಈ ದೇಶಕ್ಕೆ ಹಲವು ಭಾಷೆ ಸಹಜ ಸ್ಥಿತಿ, ಶಾಲೆ ಅದನ್ನು ರೋಗದಂತೆ ಕಾಣಬಾರದು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಪ್ರಾಮಾಣಿಕ. ಇಂಗ್ಲಿಷಿನ ಎದುರು ಕನ್ನಡವೇ ಹಿಂದೆ ಸರಿಯುತ್ತಿರುವಾಗ, 2019ರಲ್ಲಿ ಸರ್ಕಾರವೇ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೆದಿರುವಾಗ, ಒಳಗಿನಿಂದ ಇನ್ನಷ್ಟು ಭಾಷೆಗಳನ್ನು ಮುಂದೆ ತಂದರೆ ಕನ್ನಡದ ಬಲ ಕುಗ್ಗುವುದಿಲ್ಲವೆ? ತಾಂಡಾದ ತಾಯಿಯನ್ನೇ ಕೇಳಿದರೂ ಮಗುವಿಗೆ ಇಂಗ್ಲಿಷ್ ಬೇಕೆನ್ನುತ್ತಾಳೆ, ಲಂಬಾಣಿ ಬೇಕೆನ್ನುವುದಿಲ್ಲ. ಹೌದು, ಹಾಗೆಯೇ ಅನ್ನುತ್ತಾಳೆ. ಅವಳ ಅನುಭವದಲ್ಲಿ ಶಾಲೆಯೆಂದರೆ ಹೇಗೂ ತಿಳಿಯದ ಭಾಷೆಯಲ್ಲಿ ನಡೆಯುವ ವ್ಯವಹಾರ. ತಿಳಿಯದ್ದೇ ಕಲಿಯುವುದಾದರೆ ಹೆಚ್ಚು ಸಂಬಳ ತರುವ ತಿಳಿಯದ ಭಾಷೆಯನ್ನೇ ಕಲಿಯಲಿ ಎಂಬ ಅವಳ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಕನ್ನಡ ಮಾಧ್ಯಮದ ಪರ ನಮ್ಮ ಕೈಯಲ್ಲಿರುವ ಒಂದೇ ಗಟ್ಟಿ ವಾದ, ಮಗು ತಿಳಿಯುವ ಮಾತಿನಲ್ಲಿ ಕಲಿಯಬೇಕು ಎಂಬುದು. 1953ರಲ್ಲಿ ಯುನೆಸ್ಕೊ ಜಗತ್ತಿಗೆ ಹೇಳಿದ್ದೂ ಅದನ್ನೇ. ಆ ವಾದವನ್ನು ಇಂಗ್ಲಿಷಿನ ಮುಂದೆ ಹಿಡಿದು, ತುಳು ಲಂಬಾಣಿಗಳ ಮುಂದೆ ಮಡಚಿ ಒಳಗಿಟ್ಟುಕೊಂಡರೆ ಎದುರಿನವನಿಗೆ ಅದು ತತ್ವವೆಂದು ಕಾಣುವುದಿಲ್ಲ, ಬರೀ ಬಲಾಬಲದ ಲೆಕ್ಕವೆಂದು ಕಾಣುತ್ತದೆ. ಬಲಾಬಲಕ್ಕೆ ಬಂದರೆ ಗೆಲ್ಲುವುದು ಇಂಗ್ಲಿಷೇ. ಮನೆಮಾತಿನ ಮೂಲಕ ಕನ್ನಡಕ್ಕೆ ಬಂದ ಮಗು ಕನ್ನಡದಲ್ಲಿ ಓದಿ ಅರ್ಥ ಮಾಡಿಕೊಳ್ಳಬಲ್ಲ ಮಗು. ಆ ಸೇತುವೆಯಿಲ್ಲದೆ ಬಂದದ್ದು ಪರೀಕ್ಷೆಗೆ ಕನ್ನಡ ಬರೆದು ಮರೆಯುವ ಮಗು. ಕನ್ನಡಕ್ಕೆ ಯಾವುದರಿಂದ ಲಾಭ ಎಂದು ನೋಡಿದರೂ ತಕ್ಕಡಿ ಈ ಕಡೆಗೇ ವಾಲುತ್ತದೆ.

1995ರಲ್ಲಿ ಮೈಸೂರು ಜಿಲ್ಲೆಯ ಎಚ್. ಡಿ. ಕೋಟೆ ತಾಲ್ಲೂಕಿನ ಕೆಲವು ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಕಾರ್ಡು, ಏಣಿ, ಗುಂಪುಗಳ ಮೂಲಕ ಕಲಿಸುವ ಪದ್ಧತಿ ನೋಡಿ ಬಂದು, ಯೂನಿಸೆಫ್ ನೆರವಿನಿಂದ ನಲಿ-ಕಲಿಯನ್ನು ಶುರುಮಾಡಿದರು. 2009ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ಹರಡಿತು. ಆ ತಾಲ್ಲೂಕು ಜೇನುಕುರುಬರ, ಬೆಟ್ಟಕುರುಬರ, ಯರವರ ಹಾಡಿಗಳಿರುವ ಸೀಮೆ. ಮಗು ತನ್ನ ವೇಗದಲ್ಲಿ ಏರಲಿ, ಮಕ್ಕಳು ಮಕ್ಕಳಿಂದ ಕಲಿಯಲಿ, ಊರಿನ ಹಾಡು ತರಗತಿಗೆ ಬರಲಿ ಎಂಬ ಈ ಪದ್ಧತಿ ಹಲವು ಮಾತಿನ ತರಗತಿಗೆ ಹೇಳಿ ಮಾಡಿಸಿದಂತಿತ್ತು. ಕ್ಯಾಂಪ್‌ಬೆಲ್ ಬಳ್ಳಾರಿಯಲ್ಲಿ ಕಂಡು ಮೆಚ್ಚಿದ ಏರ್ಪಾಟಿನ ದೂರದ ನೆಂಟಸ್ತಿಕೆಯೂ ಇದಕ್ಕಿದೆ. ಆದರೆ ವಿಸ್ತರಿಸುವಾಗ ಕಾರ್ಡುಗಳು ರಾಜ್ಯಕ್ಕೆಲ್ಲ ಒಂದೇ ಕನ್ನಡದಲ್ಲಿ ಅಚ್ಚಾದವು. ಹಾಡಿಯ ಮಗುವಿಗೂ, ಧಾರವಾಡದ ಮಗುವಿಗೂ, ಸುಳ್ಯದ ಮಗುವಿಗೂ ಅದೇ ಏಣಿ, ಅದೇ ಮೊದಲ ಪದಗಳು. ವೇಗವನ್ನು ಮಗುವಿಗೆ ಬಿಟ್ಟುಕೊಟ್ಟ ಇಲಾಖೆ ಮಾತನ್ನು ಬಿಟ್ಟುಕೊಡಲಿಲ್ಲ.

ಗಡಿಯಾಚೆಗಿನ ಕಾಸರಗೋಡಿನಲ್ಲಿ ಇದೇ ಪ್ರಶ್ನೆ ತಿರುಗುಮುರುಗಾಗಿ ನಿಂತಿದೆ. 1956ರಲ್ಲಿ ಕೇರಳಕ್ಕೆ ಸೇರಿದ ಆ ನೆಲದ ಕನ್ನಡ ಶಾಲೆಗಳಿಗೆ ಕನ್ನಡ ತಿಳಿಯದ ಶಿಕ್ಷಕರು ನೇಮಕವಾಗಿ ಬಂದಾಗಲೆಲ್ಲ ತಂದೆತಾಯಿಗಳು ಪ್ರತಿಭಟನೆಗೆ ಇಳಿದಿದ್ದಾರೆ, ಕರ್ನಾಟಕದ ಸಂಘಟನೆಗಳು ಬೆಂಬಲಿಸಿವೆ. ಮಕ್ಕಳ ಮಾತು ತಿಳಿಯದವರು ಅವರಿಗೆ ಪಾಠ ಹೇಳಲಾರರು ಎಂಬ ಆ ವಾದಕ್ಕೆ ಎದುರುತ್ತರವಿಲ್ಲ. ಆ ಮಕ್ಕಳಲ್ಲಿ ಬಹಳ ಮಂದಿಯ ಮನೆಮಾತು ತುಳು, ಕೊಂಕಣಿ, ಮರಾಠಿ ಎಂಬುದರಿಂದ ವಾದ ಸಡಿಲವಾಗುವುದಿಲ್ಲ, ಇನ್ನೂ ಬಿಗಿಯಾಗುತ್ತದೆ; ಅಲ್ಲಿನ ಹಳೆಯ ಕನ್ನಡ ಮಾಸ್ತರರಿಗೆ ಆ ಮಾತುಗಳೂ ಬರುತ್ತಿದ್ದವು, ಹಾಗಾಗಿಯೇ ಆ ಶಾಲೆಗಳು ನಡೆದವು. ಕಾಸರಗೋಡಿನ ಪರವಾಗಿ ನಾವು ಕೇಳುತ್ತಿರುವುದನ್ನು ನಮ್ಮದೇ ಇಲಾಖೆಯ ಮುಂದೆ ಇಡುವುದಕ್ಕೆ ದೊಡ್ಡ ಕಾನೂನು ಬೇಕಾಗಿಲ್ಲ. ಶಾಲೆಗೆ ಸೇರಿಸುವ ಅರ್ಜಿಯಲ್ಲಿ ಮಾತೃಭಾಷೆಯ ಕಲಮು ಮೊದಲಿನಿಂದಲೂ ಇದೆ. ತುಂಬಿಸಿಕೊಂಡ ಮೇಲೆ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಅದನ್ನು ಶಾಲೆಗಳ ಪ್ರಕಾರ ಒಟ್ಟು ಮಾಡಿ, ಪ್ರತಿವರ್ಷದ ವರ್ಗಾವಣೆಯ ಕೌನ್ಸೆಲಿಂಗಿನಲ್ಲಿ ಒಂದನೆಯ, ಎರಡನೆಯ ತರಗತಿಯ ಹುದ್ದೆಗಳಿಗೆ ಆ ಊರಿನ ಮಕ್ಕಳ ಮಾತು ಬಲ್ಲವರಿಗೆ ಆದ್ಯತೆ ಕೊಡುವುದು ಒಂದು ಸುತ್ತೋಲೆಯಲ್ಲಿ ಮುಗಿಯುವ ಕೆಲಸ. ಲಂಬಾಣಿ ಬಲ್ಲ ಶಿಕ್ಷಕರು ವಿಜಯಪುರ, ಕಲಬುರಗಿಗಳಲ್ಲಿ ಇದ್ದಾರೆ, ತುಳು ಬಲ್ಲವರು ಪುತ್ತೂರು, ಬೆಳ್ತಂಗಡಿಗಳಲ್ಲಿ ಇದ್ದಾರೆ. ಸದ್ಯಕ್ಕೆ ಅವರು ಯಾವ ತರಗತಿಗೆ ಹೋಗುತ್ತಾರೆ ಎಂಬುದು ಸೇವಾ ಹಿರಿತನದ ಮೇಲೆ, ಪತಿ-ಪತ್ನಿ ಪ್ರಕರಣಗಳ ಮೇಲೆ ತೀರ್ಮಾನವಾಗುತ್ತಿದೆ.